ಗೋಡೆಯಾಚೆಯ ಪಂಕ್ತಿ

ರೊಟ್ಟಿ ಬಡಿಯುವುದೆಂದರೆ ನನಗೆ ಮೊದಲಿನಿಂದಲೂ ತಲೆನೋವು. ಲೋಕ ಮುಳುಗಿದ ಮೇಲಾದರೂ ಈ ಕೆಲಸ ತಪ್ಪೀತು ಅಂದುಕೊಂಡಿದ್ದೆ, ತಪ್ಪಲಿಲ್ಲ. ಪೇಟೆ ಹೋಯಿತು, ಪೊಲೀಸರು ಹೋದರು, ಫೋನು ಹೋಯಿತು, ನಾನು ಸೇರಬೇಕಿದ್ದ ಕಾಲೇಜೂ ಹೋಯಿತು. ಜೋಳ ಮಾತ್ರ ಗೋದಾಮಿನಲ್ಲಿ ಚೀಲಗಟ್ಟಲೆ ಉಳಿಯಿತು. ಹೀಗಾಗಿ ಹದಿನೆಂಟು ತುಂಬಿದ ನಾನು, ನಿಂಬೆವ್ವ, ಕೃಷ್ಣಾ ನದಿಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬೆಳಗಾದರೆ ಹಿಟ್ಟು ನಾದುತ್ತ ಕೂತಿರುತ್ತಿದ್ದೆ.

ಕಾರ್ಖಾನೆಯೇ ಯಾಕೆ ಅಂದರೆ, ಸುತ್ತ ಎತ್ತರದ ಗೋಡೆ ಇತ್ತು, ಅಂಗಳದಲ್ಲಿ ಕಬ್ಬಿನ ಸಿಪ್ಪೆ ಗುಡ್ಡದಷ್ಟು ಬಿದ್ದಿತ್ತು. ಸಿಪ್ಪೆ ಉರಿಸಿದರೆ ಬಾಯ್ಲರ್ ಕಾಯುತ್ತದೆ. ಬಾಯ್ಲರ್ ಕಾದರೆ ಕರೆಂಟು ಬರುತ್ತದೆ. ಕರೆಂಟು ಇದ್ದರೆ ಗೋಡೆಯ ಮೇಲಿನ ತಂತಿಬೇಲಿಗೆ ಜೀವ ಇರುತ್ತದೆ, ಬೇಲಿಗೆ ಜೀವ ಇದ್ದರೆ ನಮಗೂ ಇರುತ್ತದೆ. ಇದೆಲ್ಲ ನಿಂತಿದ್ದು ನೀರಿನ ಮೇಲೆ. ನದಿಯ ಪಂಪಿನ ಬಾವಿಯಾದ ಜಾಕ್‌ವೆಲ್ಲಿನಿಂದ ನೀರು ಬರುವುದು ನಿಂತರೆ ಬಾಯ್ಲರ್ ನಿಲ್ಲುತ್ತದೆ, ಆಮೇಲಿನದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗೋಡೆಯ ಆಚೆ ಇದ್ದವರನ್ನು ನಾವು ಹೊರಗಿನವರು ಅನ್ನುತ್ತಿದ್ದೆವು. ಎರಡು ವರ್ಷದ ಹಿಂದೆ ಬಂದ ಎಂಜಲು ಜ್ವರ ಅವರನ್ನು ಹಾಗೆ ಮಾಡಿತ್ತು. ಜೊಲ್ಲಿನಿಂದ ಹರಡುವ ರೋಗ. ಕಚ್ಚಿಸಿಕೊಂಡವರಿಗೆ ಜ್ವರ ಏರುತ್ತದೆ. ಇಳಿದಾಗ ಮೈ ಉಳಿದಿರುತ್ತದೆ, ಹೆಸರು, ಮಾತು, ಮುಖದ ಗುರುತು ಒಂದೂ ಉಳಿದಿರುವುದಿಲ್ಲ. ಉಳಿಯುವುದು ಹಸಿವು. ಅದೂ ಏನು ತಿನ್ನಬೇಕು, ಏನು ತಿನ್ನಬಾರದು ಅನ್ನುವುದು ಗೊತ್ತಿಲ್ಲದ ಹಸಿವು. ಎಮ್ಮೆ ಸಿಕ್ಕರೆ ಎಮ್ಮೆ, ಮನುಷ್ಯ ಸಿಕ್ಕರೆ ಮನುಷ್ಯ. ಎಷ್ಟು ತಿಂದರೂ ಅವರ ದವಡೆ ಆಡುತ್ತಲೇ ಇರುತ್ತಿತ್ತು. ಸದ್ದು ಎಲ್ಲಿಂದ ಬಂದರೆ ಅಲ್ಲಿಗೆ ಓಡುತ್ತಿದ್ದರು.

ನನ್ನ ಅಣ್ಣ ಮಾಳಿಂಗರಾಯ ಅವರಲ್ಲಿ ಒಬ್ಬ. ನಾವಿಬ್ಬರೂ ಕಾರ್ಖಾನೆಗೆ ಓಡಿ ಬಂದ ದಿನ ನನ್ನನ್ನು ಗೇಟಿನೊಳಗೆ ದಬ್ಬಿ ಬಾಗಿಲು ಎಳೆದವನು ಅವನು. ಹೊರಗೆ ನಿಂತು ಎಳೆದ.

ಅಣ್ಣ ಇದ್ದಾಗ ನನ್ನ ರೊಟ್ಟಿಯನ್ನು ಎತ್ತಿ ಹಿಡಿದು, "ಇದು ಯಾವ ದೇಶದ ನಕಾಶೆ ತಂಗಿ?" ಎಂದು ಕೇಳುತ್ತಿದ್ದ. ಕೇಳಿ, ಅದನ್ನೇ ಮುರಿದು ಅರ್ಧವನ್ನು ಪಕ್ಕದಲ್ಲಿ ಕೂತವರಿಗೆ ಕೊಟ್ಟು ತಾನು ತಿನ್ನುತ್ತಿದ್ದ. ಮೊದಲ ರೊಟ್ಟಿಯನ್ನು ಒಬ್ಬರೇ ತಿನ್ನಬಾರದು ಅನ್ನುವುದು ನಮ್ಮ ಮನೆಯ ರೂಢಿ. ಪಕ್ಕದಲ್ಲಿ ಕೂತಿರುತ್ತಿದ್ದವಳು ನಾನೇ ಆದ್ದರಿಂದ ನನ್ನ ಸೊಟ್ಟ ರೊಟ್ಟಿಯ ಅರ್ಧ ತಿರುಗಿ ನನಗೇ ಬರುತ್ತಿತ್ತು.

ಕಾರ್ಖಾನೆಯ ಅಡುಗೆಮನೆಯ ಯಜಮಾನಿಕೆ ಯಂಕವ್ವ ಆಯಿಯದು. ಹರಿದ ರೊಟ್ಟಿ, ಸೀದ ರೊಟ್ಟಿ ಕಂಡರೆ ಅವಳು ನನ್ನ ಏಳು ತಲೆಮಾರಿನವರನ್ನು ಎಬ್ಬಿಸಿ ಬೈಯುತ್ತಿದ್ದಳು. ಅದಕ್ಕೆ ನಾನೊಂದು ಉಪಾಯ ಹುಡುಕಿದ್ದೆ. ಅಡುಗೆಮನೆಯ ಹಿಂದೆ ಹೊರಗೋಡೆಗೆ ಬಚ್ಚಲ ನೀರು ಹೋಗುವ ಕಿಂಡಿ ಇತ್ತು. ಕೆಟ್ಟ ರೊಟ್ಟಿಯನ್ನು ಮಡಚಿ ಅದರೊಳಗೆ ತುರುಕಿ ಕೋಲಿನಿಂದ ಆಚೆ ದಬ್ಬಿಬಿಡುತ್ತಿದ್ದೆ. ಆಚೆ ಏನಾಗುತ್ತಿತ್ತು ಎಂದು ನೋಡುವ ಉಸಾಬರಿಗೆ ಹೋಗಿರಲಿಲ್ಲ.

ಆ ದಿನ ಬೆಳಿಗ್ಗೆ ಬಾಯ್ಲರ್ ಒಮ್ಮೆಲೆ ನಿಂತಿತು. ನದಿಯ ಜಲಕಳೆ ಜಾಕ್‌ವೆಲ್ಲಿನ ಬಾಯಿಗೆ ಹಾಕಿದ್ದ ಕಬ್ಬಿಣದ ಜಾಳಿಗೆಗೆ ಸುತ್ತಿಕೊಂಡು ನೀರು ಕಟ್ಟಿತ್ತು ಎಂದು ಆಮೇಲೆ ತಿಳಿಯಿತು. ಹೀಗಾದಾಗ ಕಾರ್ಖಾನೆಯ ದೊಡ್ಡ ಸೀಟಿ, ಭೋಂಗಾ, ಕೂಗಬೇಕು, ಎಲ್ಲರೂ ಛಾವಣಿ ಹತ್ತಬೇಕು ಅನ್ನುವುದು ನಿಯಮ. ಆದರೆ ಭೋಂಗಾ ಕೂಗುವುದೂ ಅದೇ ಬಾಯ್ಲರಿನ ಹಬೆಯಿಂದ. ನಿಯಮ ಮಾಡಿದವರಿಗೆ ಅಷ್ಟು ಹೊಳೆದಿರಲಿಲ್ಲ. ಯಂಕವ್ವ ಆಯಿ ಹಿಟ್ಟು ತರಲು ಗೋದಾಮಿಗೆ ಹೋಗಿದ್ದಳು. ಆ ಕಡೆ ಇದ್ದವರು ಒಬ್ಬರನ್ನೊಬ್ಬರು ಕೂಗಿ ಕರೆದು ಛಾವಣಿ ಏರಿದರು. ಮೂಲೆಯ ಅಡುಗೆಮನೆಯಲ್ಲಿ ಕೂತಿದ್ದ ನನಗೆ ಒಂದೂ ಕೇಳಿಸಲಿಲ್ಲ. ಬೆಳಿಗ್ಗೆಯೇ ಬೈಸಿಕೊಂಡ ಸಿಟ್ಟಿಗೆ ಕಲ್ಲಿನ ಮೇಲೆ ಹಿಟ್ಟನ್ನು ಪಟಪಟ ಬಡಿಯುತ್ತಿದ್ದೆ, ಕೈಬಳೆ ಜೊತೆಗೆ ಗಲಗಲ ಅನ್ನುತ್ತಿದ್ದವು.

ನೀರಿನ ಚೊಂಬಿಗಾಗಿ ತಿರುಗಿದೆ. ಅಂಗಳದ ತುಂಬ ಹೊರಗಿನವರು ಕೂತಿದ್ದರು.

ಬೇಲಿಯ ಜೀವ ಹೋದಾಗ ಹಿಂದಿನ ಗೇಟು ದಬ್ಬಿ ಬಂದಿದ್ದರು, ಆದರೆ ಮೈಮೇಲೆ ಬಿದ್ದಿರಲಿಲ್ಲ. ಕೂತಿದ್ದರು. ಗೋಡೆಗುಂಟ ಸಾಲಾಗಿ, ಚಕ್ಕಳಮಕ್ಕಳ ಹಾಕಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಗಲ್ಲದ ಮೇಲೆ ಒಣಗಿದ ರಕ್ತ, ಹರಿದ ಬಟ್ಟೆ, ಸತ್ತ ಇಲಿಯ ವಾಸನೆ. ಒಬ್ಬ ಹೆಂಗಸಿಗೆ ಒಂದು ಕಿವಿ ಇರಲಿಲ್ಲ. ಅಷ್ಟೂ ಜನರ ದವಡೆ ಆಡುತ್ತಿದ್ದವು. ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಎಲ್ಲರ ಕಣ್ಣು ಹಂಚಿನ ಮೇಲಿತ್ತು.

ನನ್ನ ಕೈ ನಿಂತುಹೋಯಿತು. ಮುಂದೆ ಕೂತಿದ್ದ ಒಬ್ಬ ಮಂಡಿ ಎತ್ತಿದ. ಭಯಕ್ಕೆ ನನ್ನ ಕೈ ತಾನಾಗಿಯೇ ಮತ್ತೆ ಬಡಿಯತೊಡಗಿತು. ಅವನು ಕೂತ.

ಆಮೇಲೆ ನಾನು ನಿಲ್ಲಿಸಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡಿತು. ಕಲ್ಲಿನ ಮೇಲಿನ ರೊಟ್ಟಿ ಕಾಗದದಷ್ಟು ತೆಳ್ಳಗಾಗಿ ಹರಿಯಿತು. ಅದನ್ನೇ ಮುದ್ದೆ ಮಾಡಿ ಮತ್ತೆ ಬಡಿದೆ. ಹಾಗೆ ಬಡಿಯುತ್ತ ಬಡಿಯುತ್ತ ಸಾಲಿನ ಕೊನೆಯಲ್ಲಿ ಅಣ್ಣನನ್ನು ಕಂಡೆ. ಗಡ್ಡ ಬೆಳೆದಿತ್ತು, ಭುಜದಲ್ಲಿ ಹಳೆಯ ಗಾಯ ಕಪ್ಪಾಗಿತ್ತು. ಎಲ್ಲರೂ ಎರಡೂ ಕಾಲು ಮಡಚಿದ್ದರೆ ಅವನೊಬ್ಬ ಬಲಮೊಣಕಾಲನ್ನು ಎತ್ತಿಟ್ಟುಕೊಂಡು ಕೂತಿದ್ದ. ಊಟಕ್ಕೆ ಅವನು ಕೂಡುತ್ತಿದ್ದದ್ದೇ ಹಾಗೆ. ಅವ್ವ ಅದಕ್ಕಾಗಿ ಅವನನ್ನು ಎಷ್ಟು ಸಲ ಗದರಿಸಿರಬೇಕು. ನಾನು ಅಳುತ್ತಲೇ ಬಡಿದೆ.

ಅಷ್ಟರಲ್ಲಿ ಯಾರೋ ತುರ್ತಿಗೆಂದು ಕೂಡಿಟ್ಟಿದ್ದ ತೊಟ್ಟಿಯ ನೀರು ಬಿಟ್ಟು ಬಾಯ್ಲರ್ ಎಬ್ಬಿಸಿದರು. ಹಿಂದಿನ ಗೇಟಿನ ಕಂಬದ ಮೇಲಿದ್ದ ಭೋಂಗಾ ಕೂಗಿತು. ಹೊರಗಿನವರು ಎದ್ದು ಆ ಸದ್ದಿನ ಕಡೆಗೆ ಓಡಿದರು, ಬಂದ ಗೇಟನ್ನೇ ದಾಟಿ ಹೊರಗೆ ಹೋದರು, ಬೇಲಿಗೆ ಜೀವ ಬಂತು. ನಮ್ಮಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ.

ಇದನ್ನೆಲ್ಲ ಮೇಲಿನ ಕಿಟಕಿಯಿಂದ ಹಂಚಿನಾಳ ಮೇಡಂ ನೋಡಿದ್ದರು. ಅವರು ಕಾರ್ಖಾನೆಯ ಕೆಮಿಸ್ಟ್. ಮೊದಲು ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆಯುತ್ತಿದ್ದರು. ಜ್ವರ ಬಂದ ಮೇಲೆ ಅದೇ ಲ್ಯಾಬಿನಲ್ಲಿ ಜ್ವರವನ್ನು ಅಳೆಯಲು ಕೂತಿದ್ದರು. ನನ್ನನ್ನು ಕರೆಸಿ ಸ್ಟೂಲಿನ ಮೇಲೆ ಕೂರಿಸಿ, ಸಕ್ಕರೆ ಹಾಕಿದ ನೀರು ಕೊಟ್ಟರು.

"ಹೆದರಿದಿ?" ಎಂದು ಕೇಳಿದರು.

"ಹೆದರಲಾರದ ಏನ್ರಿ ಮತ್ತ."

"ಹೆದರಿದ್ರೂ ಕೈ ಬಿಡಲಿಲ್ಲ. ಛಲೋ ಮಾಡಿದಿ." ಒಂದು ಉಳ್ಳಾಗಡ್ಡಿ ತೆಗೆದುಕೊಂಡು ನನ್ನ ಮುಂದೆ ಸಿಪ್ಪೆ ಸುಲಿಯತೊಡಗಿದರು. "ಮೆದುಳು ಇದರಂಗ ಐತಿ ಅನಕೋ. ಜ್ವರ ಮ್ಯಾಲಿನ ಪದರ ಅಷ್ಟ ಸುಟ್ಟೈತಿ. ಹೆಸರು, ಮಾತು, ಮಾರಿ ಗುರುತು, ಇವೆಲ್ಲಾ ಮ್ಯಾಲ ಇರತಾವ. ಒಳಗಿನ ಗಡ್ಡಿ ಹಂಗ ಐತಿ. ನಡಿಯೂದು, ಕೂಡೂದು, ಅಗಿಯೂದು. ಸಣ್ಣಾಂವ ಇದ್ದಾಗಿಂದ ದಿನಾ ಮಾಡಿದ್ದು ಎಲ್ಲಾ ತಳಕ್ಕ ಹೋಗಿ ಕುಂತಿರತೈತಿ. ನಮ್ಮ ಕಡೆ ಹುಟ್ಟಿದ ಕೂಸು ಜೋಗುಳಕಿಂತ ಮೊದಲ ಕೇಳೂದು ರೊಟ್ಟಿ ಬಡಿಯೂ ಸಪ್ಪಳ. ಆ ಸಪ್ಪಳ ಕೇಳಿದ್ರ ಕೂಡಬೇಕು, ಕುಂತ್ರ ರೊಟ್ಟಿ ಬರತೈತಿ. ಅದು ಸುಟ್ಟಿಲ್ಲ."

"ಅಂದ್ರ ನಮ್ಮಣ್ಣ ಒಳಗ ಅದಾನೇನ್ರಿ?"

ಮೇಡಂ ಸುಳ್ಳು ಹೇಳುವವರಲ್ಲ. "ಅವನ ರೂಢಿ ಅದಾವ. ಅವ ಅದಾನೋ ಇಲ್ಲೋ ನನಗ ಗೊತ್ತಿಲ್ಲ ನಿಂಬೆವ್ವ."

ನನಗೆ ಅಷ್ಟೇ ಸಾಕಾಗಿತ್ತು. ಅಣ್ಣ ಅಂದರೆ ಅವನ ರೂಢಿಗಳೇ ತಾನೆ, ಇನ್ನೇನು ಎಂದು ನಾನು ಅಂದುಕೊಂಡೆ.

ಕಂಟ್ರೋಲ್ ರೂಮಿನಲ್ಲಿ ಕೂಡುವವರು ಕಡ್ಲಿಮಟ್ಟಿ ಸಾಹೇಬರು. ಬಾಯ್ಲರ್ ವಿಭಾಗದ ಇಂಜಿನಿಯರ್. ನಮ್ಮನ್ನೆಲ್ಲ ಎರಡು ವರ್ಷ ಬದುಕಿಸಿದವರು ಅವರೇ ಎಂದು ನಾನು ಇಂದಿಗೂ ಹೇಳುತ್ತೇನೆ. ಅವರು ನಗುವುದನ್ನು ಯಾರೂ ಕಂಡಿರಲಿಲ್ಲ. ಗೋಡೆಯ ಕ್ಯಾಮೆರಾಗಳ ಪರದೆಗಳ ಮುಂದೆ ಕೂತು, ಊಟವನ್ನೂ ಅಲ್ಲೇ ಮಾಡಿ, ಅಲ್ಲೇ ಮಲಗುತ್ತಿದ್ದರು.

ಮೇಡಂ ಹೇಳಿದ್ದನ್ನು ಕೇಳಿ ಅವರು ಎರಡೇ ಮಾತಿನಲ್ಲಿ ಕೆಲಸ ಹೇಳಿದರು. ನಾನು ರೊಟ್ಟಿ ಬಡಿಯಬೇಕು, ಆ ಸದ್ದನ್ನು ಮುದ್ರಿಸಿಕೊಳ್ಳಬೇಕು. ಕಬ್ಬಿನ ಗಾಡಿಗಳ ನಂಬರು ಕೂಗಲು ನದಿಯ ಗೇಟಿನಲ್ಲಿ ದೊಡ್ಡ ಧ್ವನಿವರ್ಧಕಗಳಿದ್ದವು. ಅವುಗಳಲ್ಲಿ ಸದ್ದು ಹಚ್ಚಿದರೆ ಹೊರಗಿನವರು ಕೂಡುತ್ತಾರೆ, ಅಷ್ಟರಲ್ಲಿ ಟ್ರ್ಯಾಕ್ಟರ್ ಜಾಕ್‌ವೆಲ್ಲಿಗೆ ಹೋಗಿ ಜಾಳಿಗೆ ಬಿಡಿಸಿ ಬರಬೇಕು. ಒಳ್ಳೆಯ ಯೋಚನೆಯೇ ಆಗಿತ್ತು, ನಾವೆಲ್ಲ ಹೂಂ ಎಂದೆವು. ಮೇಡಂ ಕೂಡ.

ಮೊದಲ ದಿನ ಗೇಟಿನ ಮುಂದೆ ಬಯಲು ತುಂಬ ಪಂಕ್ತಿ ಕೂತಿತು. ನನ್ನ ರೊಟ್ಟಿಯ ಸದ್ದು ಊರಿಗೆಲ್ಲ ಕೇಳುವಷ್ಟು ದೊಡ್ಡದಾಗಿ ಬಯಲಿನಲ್ಲಿ ಮೊಳಗುತ್ತಿತ್ತು. ಟ್ರ್ಯಾಕ್ಟರ್ ಓಡಿಸುವ ಗೌಸ್ ಅವರ ನಡುವಿನಿಂದ ಮದುವೆಯ ದಿಬ್ಬಣದ ಗಾಡಿಯಂತೆ ನಿಧಾನಕ್ಕೆ ಹೋಗಿ, ಆದಷ್ಟು ಕಳೆ ಕಿತ್ತು ಬಂದ. "ನಿಂಬೆವ್ವಕ್ಕಾ, ನಿನ್ನ ಕೈಗೆ ಸಲಾಂ ನೋಡು" ಎಂದ. ನನಗಿಂತ ದೊಡ್ಡವನಾದರೂ ತಮಾಷೆಗೆ ಅಕ್ಕ ಅನ್ನುತ್ತಿದ್ದ. ಎರಡನೆಯ ದಿನವೂ ಕೂತರು. ಸದ್ದು ನಿಂತ ಮೇಲೂ ಬಹಳ ಹೊತ್ತು ಕೂತೇ ಇದ್ದರು. ಪರದೆಯಲ್ಲಿ ನಾನು ಅದನ್ನು ಕೊನೆಯ ತನಕ ನೋಡಿದೆ.

ಮೂರನೆಯ ದಿನ ಅವರು ಕೂಡಲಿಲ್ಲ. ಸದ್ದು ಹೊರಟ ಕೂಡಲೇ ನೆಟ್ಟಗೆ ಧ್ವನಿವರ್ಧಕದ ಕಂಬಕ್ಕೆ ನುಗ್ಗಿ ಅದನ್ನು ಕೆಡವಿದರು. ಗೌಸನ ಟ್ರ್ಯಾಕ್ಟರ್ ಅರ್ಧ ದಾರಿಯಲ್ಲಿತ್ತು. ಅವನು ನಮ್ಮ ಕಡೆ ಕೈ ಬೀಸಿ, ಗೇಟು ತೆಗೆಯಬೇಡಿ ಎಂದು ಸನ್ನೆ ಮಾಡಿದ. ಅಷ್ಟನ್ನು ನಾನು ನೋಡಿದೆ. ಉಳಿದದ್ದನ್ನು ಸಾಹೇಬರು ನೋಡಿದರು, ನಮ್ಮ ಪರದೆಯನ್ನು ಆರಿಸಿಬಿಟ್ಟರು. ಗೌಸ್ ತಿರುಗಿ ಬರಲಿಲ್ಲ.

ಅಂದು ಸಂಜೆ ಯಂಕವ್ವ ಆಯಿ ನನ್ನ ರೊಟ್ಟಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಜಾಳಿಗೆ ಪೂರ್ತಿ ಬಿಡಿಸಿರಲಿಲ್ಲ, ತೊಟ್ಟಿಯ ನೀರು ತಳ ಕಾಣುತ್ತಿತ್ತು. ಮೇಡಂ ಅಡುಗೆಮನೆಗೇ ಬಂದು ಒಲೆಯ ಪಕ್ಕ ಕೂತರು. ಅತ್ತು ಅತ್ತು ಕಣ್ಣು ಕೆಂಪಗಾಗಿದ್ದವು.

"ಒಂದ ವಿಚಾರ ತಿಳೀವಲ್ದು," ಎಂದರು. "ಗೇಟಿನ ಮುಂದ ಅವ್ರು ಇನ್ನ ಕೂಡೂದಿಲ್ಲ. ಆದ್ರ ಇಲ್ಲೆ, ನಿನ್ನ ಅಡಗಿಮನಿ ಗ್ವಾಡಿ ಹಿಂದ, ಇವತ್ತೂ ನೀ ಬಡಿಯೂವಾಗ ಪಂಕ್ತಿ ಕುಂತಿತ್ತು. ಕ್ಯಾಮೆರಾದಾಗ ನೋಡೀನಿ. ಅದ ಸಪ್ಪಳ, ಅಂಥಾದ್ದ ಮಂದಿ. ಯಾಕ ಹಿಂಗ?"

ನಾನು ಯಂಕವ್ವ ಆಯಿಯ ಕಡೆ ನೋಡಿದೆ. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಕಿಂಡಿಯ ಕಥೆ ಹೇಳಿದೆ. ಹರಕು ರೊಟ್ಟಿ, ಸೀದ ರೊಟ್ಟಿ, ಕೋಲು, ಎಲ್ಲ.

"ಎರಡ ವರ್ಷ?" ಎಂದಳು ಆಯಿ. "ನಾ ಅನಕೊಂಡಿದ್ದೆ ನೀ ಸುಧಾರಿಸಿದಿ ಅಂತ."

ಮೇಡಂ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂತರು. "ಹೌದಲ್ಲ. ಇಲ್ಲೆ ಸಪ್ಪಳ ಆದ್ರ ರೊಟ್ಟಿ ಬರತೈತಿ. ಅಲ್ಲೆ ಎರಡ ದಿನ ಉಣ್ಣಾಕ ಕರದ್ವಿ, ಉಣ್ಣಾಕ ನೀಡಲಿಲ್ಲ."

ಆಯಿ ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದಳು. ನಮ್ಮ ಕಡೆ ಮನೆಗೆ ಬಂದ ವೈರಿಗೂ ಯಾರೂ ಹಾಗೆ ಮಾಡುವುದಿಲ್ಲ. ರೊಟ್ಟಿ ಬಡಿಯುವ ಸದ್ದು ಕೇಳಿ ಹೊಸ್ತಿಲಿಗೆ ಬಂದವನಿಗೆ "ಕೂಡ್ರಿ, ಉಂಡ ಹೋಗ್ರಿ" ಅನ್ನದ ಮನೆ ನಾನು ನೋಡಿಲ್ಲ. ಅವರು ಮಾತು ಮರೆತಿದ್ದರು, ಇದನ್ನು ಮರೆತಿರಲಿಲ್ಲ. ಮರೆತವರು ನಾವು.

"ಇನ್ನೊಂದೈತಿ," ಎಂದರು ಮೇಡಂ. "ಎಷ್ಟ ತಿಂದ್ರೂ ಹಸಿವು ಹೋಗೂದಿಲ್ಲ ಅಂತೀವಿ. ಓಡಿ, ಹಿಡದು, ಹರದು ತಿಂತಾರ. ಅದು ಊಟ ಆತು ಅಂತ ಆ ಮೆದುಳಿಗೆ ಹೆಂಗ ಗೊತ್ತಾಗಬೇಕು? ಊಟ ಅಂದ್ರ ಕೂಡೂದು, ಕಾಯೂದು, ಮುರದು ತಿನ್ನೂದು. ಹಂಗ ಉಂಡ್ರ ಆ ಹಸಿವು ನಿಂತ್ರೂ ನಿಂತೀತು. ಖರೇ ಐತಿ ಅಂತ ಹೇಳೂದಿಲ್ಲ. ಮಾಡಿ ನೋಡಬೇಕು."

ಮಾಡಿ ನೋಡಲು ಕಡ್ಲಿಮಟ್ಟಿ ಸಾಹೇಬರು ತಯಾರಿರಲಿಲ್ಲ. ಮರುದಿನ ನಾನು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಅವರು ಬೇರೆಯೇ ನಿರ್ಧಾರ ಮಾಡಿದ್ದರು. ಸಿಪ್ಪೆಯ ಅಂಗಳದ ಸುತ್ತಲಿನ ಗುಡ್ಡೆಗಳಿಗೆ ಡಿಸ್ಟಿಲರಿಯ ಸ್ಪಿರಿಟ್ ಸುರಿಯುವುದು. ನಡುವೆ ಕಬ್ಬಿಣದ ಪಂಜರದಲ್ಲಿ ನಾನು ಕೂತು, ಮುದ್ರಿಸಿದ್ದಲ್ಲ, ನಿಜವಾದ ರೊಟ್ಟಿ ಬಡಿಯುವುದು. ಗೇಟು ತೆಗೆದು ಎಲ್ಲರನ್ನೂ ಒಳಗೆ ಕೂರಿಸುವುದು. ಪಂಜರದ ಕೆಳಗೆ ಬಾಯ್ಲರಿಗೆ ಸಿಪ್ಪೆ ಸಾಗಿಸಲು ಇದ್ದ ಸುರಂಗದಿಂದ ನಾನು ಹೊರಬೀಳುವುದು. ಕಂಟ್ರೋಲ್ ರೂಮಿನಿಂದ ಒಂದು ಗುಂಡಿ ಒತ್ತಿದರೆ ಕಿಡಿ, ಅಲ್ಲಿಗೆ ಮುಗಿಯಿತು.

"ನಮ್ಮಣ್ಣ ಅದಾನ್ರಿ ಅದರಾಗ," ಎಂದೆ.

"ಗೊತ್ತೈತಿ." ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಾಳೆ ಬಿಟ್ಟು ನಾಡದ್ದ ನೀರಿಲ್ಲ. ಬೇಲಿ ಇಲ್ಲ. ಕೂಸುಗಳು ಅದಾವ ಇಲ್ಲೆ. ನೀ ಹೇಳು, ಏನ ಮಾಡ್ಲಿ?"

"ಉಣಸೋಣ್ರಿ. ಮೇಡಂ ಅಂತಾರ, ಉಂಡ್ರ ಹಸಿವು..."

"ಅವ್ರು ಮನಶ್ಯಾರಲ್ಲ ನಿಂಬೆವ್ವ."

"ಪಂಕ್ತ್ಯಾಗ ಕುಂತು ಕಾಯತಾರ್ರಿ. ಮತ್ತ ಇನ್ನೇನ ಮಾಡಬೇಕು ಮನಶ್ಯಾ ಅನಿಸಿಕೊಳ್ಳಾಕ?"

ಅವರು ಒಂದು ಪರದೆಯ ಧೂಳನ್ನು ಬೆರಳಿನಿಂದ ಒರೆಸಿದರು. ಆಮೇಲೆ ಪರದೆಗೇ ಹೇಳುವವರಂತೆ ಹೇಳಿದರು. "ನಮ್ಮಾಕೆಗೆ ಮೊದಲನೇ ವಾರದಾಗ ಜ್ವರ ಬಂತು. ಇಳದ ಮ್ಯಾಲ ನನ್ನ ಮ್ಯಾಲೇ ಬಂದ್ಲು. ನಾ ಕಬ್ಬಿಣದ ರಾಡು ತಗೊಂಡೆ. ಈಗ ನೀವಿಬ್ರೂ ಬಂದು ಅವ್ರು ಮನಶ್ಯಾರು ಅಂತೀರಿ. ಹಂಗಾದ್ರ ನಾ ಅವತ್ತ ಮಾಡಿದ್ದೇನು?"

ಅದನ್ನು ಕೇಳಿ ಅವರ ಮೇಲೆ ಇದ್ದ ಸಿಟ್ಟು ಇಳಿದುಹೋಯಿತು. ಆದರೆ ಅಣ್ಣನನ್ನು ಸುಡಲು ನಾನು ರೊಟ್ಟಿ ಬಡಿಯುವವಳಲ್ಲ. ಆ ವಿಷಯದಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

"ಬಡೀತೀನ್ರಿ," ಎಂದೆ. "ಒಂದ ಕರಾರು. ಮೊದಲ ಉಣ್ಣಲಿ. ಉಣ್ಣೂತನಾ ಗುಂಡಿ ಮುಟ್ಟಬಾರದು. ಆಮ್ಯಾಲ ನಿಮ್ಮ ಮನಸಿಗೆ ಬಂದಂಗ ಮಾಡ್ರಿ."

ಅವರು ಯೋಚಿಸಿ, ಉಣ್ಣುವಾಗ ಅಲ್ಲಾಡದೆ ಕೂತಿರುತ್ತಾರೆ, ಅದೂ ಒಳ್ಳೆಯದೇ ಎಂದು ಒಪ್ಪಿದರು. ಗುಂಡಿ ಒತ್ತುವ ಹೊತ್ತಿಗೆ ನಾನು ಎಲ್ಲಿರುತ್ತೇನೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂದು ಕಾರ್ಖಾನೆಯ ಹೆಂಗಸರೆಲ್ಲ ಒಲೆ ಹೂಡಿದರು. ಗಂಡಸರಿಗೂ ಯಂಕವ್ವ ಆಯಿ ಹಿಟ್ಟು ನಾದಲು ಹಚ್ಚಿದಳು. ಕಡಕ್ ರೊಟ್ಟಿ ಆದ್ದರಿಂದ ಕೆಡುವ ಹೆದರಿಕೆ ಇರಲಿಲ್ಲ. ಬುಟ್ಟಿಯ ಮೇಲೆ ಬುಟ್ಟಿ ತುಂಬಿದವು. ಇದು ಸುಡುವವರಿಗೆ ಮಾಡಿದ ಊಟ ಎಂದು ಕೆಲವರು ಅಂದುಕೊಂಡಿದ್ದರು, ಉಣಿಸಲು ಮಾಡಿದ ಊಟ ಎಂದು ಕೆಲವರು. ಕೈಗಳು ಮಾತ್ರ ಒಂದೇ ರೀತಿ ಬಡಿದವು. ಆಯಿ ತನ್ನ ಕೈಯ ಹಸಿರು ಬಳೆಗಳನ್ನು ಬಿಚ್ಚಿ ನನ್ನ ಕೈಗೆ ಏರಿಸಿ, "ಸಪ್ಪಳ ಸರಿಯಾಗಿ ಬರಬೇಕು" ಎಂದಳು.

ಮರುದಿನ ಬಿಸಿಲು ಏರುವ ಹೊತ್ತಿಗೆ ಪಂಜರದಲ್ಲಿ ಒಲೆ ಹೊತ್ತಿಸಿದೆ. ಸುತ್ತ ಸ್ಪಿರಿಟಿನ ವಾಸನೆ ಗಂಟಲು ಹಿಡಿಯುತ್ತಿತ್ತು. ಒಲೆಯ ಕಿಡಿ ಹಾರದಂತೆ ಸುತ್ತ ಒದ್ದೆ ಗೋಣಿ ಹಾಸಿದ್ದರು. ಒಂದು ಮೈಕು ಕಲ್ಲಿನ ಪಕ್ಕದಲ್ಲಿತ್ತು. ಗೇಟು ತೆರೆಯಿತು. ಹಿಟ್ಟನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ಕೂತೆ, ಆಮೇಲೆ ಬಡಿಯತೊಡಗಿದೆ.

ಬಂದರು. ಮೊದಲು ಅಡುಗೆಮನೆಯ ಗೋಡೆಯವರು ಬಂದು ಕೂತರು. ಗೇಟಿನ ಬಯಲಿನವರು ದೂರದಲ್ಲೇ ನಿಂತು, ಹಲ್ಲು ಕಡಿಯುತ್ತ, ನಂಬದೆ ನೋಡಿದರು. ಕೆಲವರು ಪಂಜರಕ್ಕೆ ಬಂದು ಸರಳು ಹಿಡಿದು ಅಲುಗಾಡಿಸಿದರು. ಅವರ ಉಗುರು ನನ್ನ ಮುಖದ ಹತ್ತಿರ ಬಂತು. ಒಬ್ಬನ ಜೊಲ್ಲು ಸರಳಿನಿಂದ ಇಳಿಯುತ್ತಿತ್ತು. ನಾನು ಹಿಂದೆ ಸರಿಯಲಿಲ್ಲ, ಸರಿಯಲು ಜಾಗವೂ ಇರಲಿಲ್ಲ. ಕಾದ ರೊಟ್ಟಿಯ ವಾಸನೆ ಹರಡಿತು. ಒಬ್ಬೊಬ್ಬರಾಗಿ ಕೈ ಬಿಟ್ಟು ಸಾಲಿಗೆ ಹೋಗಿ ಕೂತರು. ಅಂಗಳ ತುಂಬಿತು.

ಧ್ವನಿವರ್ಧಕದಲ್ಲಿ ಸಾಹೇಬರ ದನಿ ತಗ್ಗಿ ಬಂತು. "ಸಾಕು. ಬುಟ್ಟಿ ಹೊರಗ ದಬ್ಬು. ಸುರಂಗಕ್ಕ ಇಳಿ."

ನಾನು ಪಂಜರದ ಅಗುಳಿ ತೆಗೆದು, ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಹೆಜ್ಜೆ ಇಟ್ಟೆ. ಉಣ್ಣಲು ಕೂತವರ ಮುಂದೆ ಬುಟ್ಟಿ ದಬ್ಬುವುದು ನನ್ನ ಕೈಯಲ್ಲಿ ಆಗುವುದಿಲ್ಲ. ನೀಡಬೇಕು.

"ನಿಂಬೆವ್ವ. ಪಂಜರದಾಗ ಹೋಗು."

ಸಾಲಿನ ಮೊದಲಿನವನ ಮುಂದೆ ಬಗ್ಗಿದೆ. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದೆ. ಅವನ ಎರಡೂ ಅಂಗೈ ಮೇಲೆ ಬಂದವು. ರೊಟ್ಟಿ ಇಟ್ಟೆ. ಮುಂದಿನವನಿಗೆ ಇಟ್ಟೆ. ಯಾರೂ ನನ್ನ ಕೈ ಹಿಡಿಯಲಿಲ್ಲ. ಅಣ್ಣನ ಮುಂದೆ ಬಂದಾಗ ಅವನ ಮುಖವನ್ನು ಹತ್ತಿರದಿಂದ ನೋಡಿದೆ. ಕಣ್ಣು ನನ್ನ ಮೇಲಿಂದ ಹಾದು ಬುಟ್ಟಿಗೆ ಹೋಯಿತು. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದೀತು ಎಂಬ ಆಸೆ ನನಗೆ ಅಷ್ಟು ಇತ್ತು ಎಂದು ಅಲ್ಲಿಯ ತನಕ ನನಗೇ ತಿಳಿದಿರಲಿಲ್ಲ. ಅವನ ಅಂಗೈಯಲ್ಲಿ ರೊಟ್ಟಿ ಇಟ್ಟೆ.

ಅವನು ಅದನ್ನು ಮುರಿದ. ಅರ್ಧವನ್ನು ಪಕ್ಕದಲ್ಲಿ ಕೂತಿದ್ದ, ಒಂದು ಕಿವಿ ಇಲ್ಲದ ಹೆಂಗಸಿನ ಕೈಯಲ್ಲಿಟ್ಟ.

ಬಾಯಿಗೆ ಹೋಗುವ ಮೊದಲೇ, ಕೈಯಿಂದ ಮುರಿದದ್ದು. ಎಂಜಲಲ್ಲ. ಅವಳು ತನಗೆ ಸಿಕ್ಕ ಅರ್ಧವನ್ನು ನೋಡಿದಳು. ನೋಡಿ, ಅದರಲ್ಲೂ ಒಂದು ತುಂಡು ಮುರಿದು ಆ ಕಡೆಯ ಮುದುಕನಿಗೆ ಕೊಟ್ಟಳು. ಆಮೇಲೆ ಎಲ್ಲರೂ ತಿನ್ನತೊಡಗಿದರು. ಕಡಕ್ ರೊಟ್ಟಿ ಮುರಿಯುವ ಕಟಕಟ ಸದ್ದು ಅಂಗಳದ ತುಂಬ ಆಯಿತು.

"ಒಳಗ ಹೋಗಂದ್ನಿ," ಎಂದಿತು ಧ್ವನಿವರ್ಧಕ. ಆ ದನಿ ಒಡೆದಿತ್ತು.

"ಇನ್ನೂ ಉಣ್ಣಾಕತ್ತಾರ್ರಿ," ಎಂದು ನಾನು ಕ್ಯಾಮೆರಾದ ಕಡೆ ನೋಡಿ ಹೇಳಿದೆ. "ಕರಾರು ಐತಿ."

ನಾನು ನೀಡುತ್ತ ಹೋದೆ. ಎರಡನೆಯ ಸಾಲು ಮುಗಿಸಿ ತಿರುಗಿದಾಗ ಮೊದಲ ಸಾಲಿನವರ ದವಡೆಗಳು ನಿಂತಿದ್ದವು. ಎರಡು ವರ್ಷದಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಮೊದಲಿನವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಇನ್ನೊಬ್ಬ ಆಕಳಿಸಿದ. ಮೇಲಿನ ಲ್ಯಾಬಿನ ಕಿಟಕಿಯಲ್ಲಿ ಹಂಚಿನಾಳ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

ಬಹಳ ಹೊತ್ತಾದ ಮೇಲೆ ಸಾಹೇಬರ ದನಿ ಬಂತು. ನನಗಲ್ಲ, ಗೇಟಿನವರಿಗೆ. "ಇನ್ನೊಂದ ಟ್ರ್ಯಾಕ್ಟರ್ ತಗೀರಿ. ಜಾಕ್‌ವೆಲ್ಲಿಗೆ ಹೋಗ್ರಿ. ಇವ್ರು ಏಳೂದಿಲ್ಲ."

ಟ್ರ್ಯಾಕ್ಟರ್ ಸದ್ದು ಮಾಡುತ್ತ ಅಂಗಳದ ಅಂಚಿನಿಂದಲೇ ಹಾದು ಹೋಯಿತು. ಕೆಲವರು ತಲೆ ಎತ್ತಿ ನೋಡಿದರು, ಮತ್ತೆ ಕೈಯಲ್ಲಿದ್ದ ರೊಟ್ಟಿಗೆ ತಿರುಗಿದರು.

ಕೊನೆಯ ಬುಟ್ಟಿ ತಳ ಹತ್ತುತ್ತಿತ್ತು, ಹಿಂದಿನ ಸಾಲಿನವರಿಗೆ ಸಾಲುವಂತಿರಲಿಲ್ಲ. ಇನ್ನಷ್ಟು ಬಡಿಯಬೇಕು ಎಂದು ಪಂಜರದ ಕಡೆ ತಿರುಗುವಷ್ಟರಲ್ಲಿ ಅಲ್ಲಿಂದಲೇ ಸದ್ದು ಬಂತು. ಪಟಪಟ, ಪಟಪಟ. ಬಳೆಯ ಸದ್ದಿರಲಿಲ್ಲ. ಕಿವಿ ಇಲ್ಲದ ಹೆಂಗಸು ಒಲೆಯ ಮುಂದೆ ಕೂತು, ನಾನು ಬಿಟ್ಟುಬಂದ ಹಿಟ್ಟನ್ನು ಕಲ್ಲಿನ ಮೇಲೆ ತಿರುಗಿಸಿ ತಿರುಗಿಸಿ ಬಡಿಯುತ್ತಿದ್ದಳು. ಅವಳ ರೊಟ್ಟಿ ದುಂಡಗಿತ್ತು, ಅಂಚು ಎಲ್ಲೂ ಒಡೆದಿರಲಿಲ್ಲ. ನನಗೆ ನಗುವೂ ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಕಡ್ಲಿಮಟ್ಟಿ ಸಾಹೇಬರು ಮೆಟ್ಟಿಲಿಳಿದು ಬಂದರು. ಹೆಗಲ ಮೇಲೆ ಹಿಟ್ಟಿನ ಚೀಲ ಇತ್ತು. ಅದನ್ನು ಅವಳ ಪಕ್ಕದಲ್ಲಿ ಇಳಿಸಿ, ಅವಳ ಕೈಗಳನ್ನೇ ನೋಡುತ್ತ ನಿಂತರು. ಅವಳು ತಲೆ ಎತ್ತದೆ ಚೀಲವನ್ನು ತನ್ನ ಕಡೆ ಎಳೆದುಕೊಂಡಳು. ಸಾಹೇಬರ ಮುಖ ತೊಯ್ದಿತ್ತು. "ಅವತ್ತ ನನಗ ಗೊತ್ತಿರಲಿಲ್ಲ," ಎಂದರು. ಅದನ್ನು ಹೇಳಿದ್ದು ಸತ್ತ ಹೆಂಡತಿಗೆ ಎಂದು ನನಗೆ ತಿಳಿಯಿತು. ಅವರು ಕಂಬಕ್ಕೆ ತೂಗುಹಾಕಿದ್ದ ನೀರಿನ ಪೈಪು ಎಳೆದುಕೊಂಡು, ತೊಟ್ಟಿಯಲ್ಲಿ ಉಳಿದಿದ್ದ ನೀರಿನಿಂದ ಸ್ಪಿರಿಟ್ ಸುರಿದ ಗುಡ್ಡೆಗಳನ್ನು ತೋಯಿಸತೊಡಗಿದರು.

ಅಣ್ಣನ ಪಕ್ಕದಲ್ಲಿ ಅವಳು ಎದ್ದು ಹೋದ ಜಾಗ ಖಾಲಿ ಇತ್ತು. ನನ್ನ ಬುಟ್ಟಿಯಲ್ಲಿ ಒಂದೇ ರೊಟ್ಟಿ ಉಳಿದಿತ್ತು. ನಾನೇ ಬಡಿದದ್ದು, ನೋಡಿದರೆ ಗೊತ್ತಾಗುವಂತಿತ್ತು. ಅದನ್ನು ಅವನ ಅಂಗೈಯಲ್ಲಿಟ್ಟು, ಆ ಖಾಲಿ ಜಾಗದಲ್ಲಿ ಕಾಲು ಮಡಚಿ ಕೂತೆ. ಅವನ ಮೈಯ ವಾಸನೆ ಮೂಗಿಗೆ ಹೊಡೆಯಿತು. ಅವನ ಎತ್ತಿಟ್ಟ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು.

ಅಣ್ಣ ನನ್ನ ಕಡೆ ತಿರುಗಿ ನೋಡಲಿಲ್ಲ. ರೊಟ್ಟಿಯನ್ನು ಎತ್ತಿ ಕಣ್ಣಿನ ಮುಂದೆ ಹಿಡಿದ. ಅದರ ಸೊಟ್ಟ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಮುರಿದು, ಅರ್ಧವನ್ನು ಪಕ್ಕದಲ್ಲಿ ಕೂತವಳ ಕೈಗೆ ಕೊಟ್ಟ.